ಹಂದರ ಮಿಕ್ಸ್

ಡೀಜೆ ಅಂದರೆ ಮೂಗು ಮುರಿಯುವವರು ಊರ ತುಂಬ ಇದ್ದಾರೆ. ಮುರಿಯಲಿ ಬಿಡ್ರಿ, ಅವರ ಮೂಗು, ಅವರ ಖುಷಿ. ಆದರೆ ನಾಸಿಕದ ಪಾಥರ್ಡಿ ಫಾಟಾ ಅನ್ನುವ ಕೂಡುರಸ್ತೆಯ ಹಿಂದೆ ತಗಡಿನ ಶೆಡ್ ಹಾಕಿಕೊಂಡಿರುವ ಯಾದಗಿರಿ ಕಡೆಯ ಮಂದಿಯಲ್ಲಿ, ಮೈಲಾರಿಯ ಮುಂದೆ ಆ ಮಾತಾಡಿ ಸುಮ್ಮನೆ ಮನೆಗೆ ಹೋದವರು ಯಾರೂ ಇಲ್ಲ. ಹಗಲೆಲ್ಲ ಕಟ್ಟಡದಲ್ಲಿ ಟೈಲ್ಸ್ ಕೊಯ್ಯುವ ಹುಡುಗ. ಆ ಮಷೀನಿನ ಕಿರುಚಾಟಕ್ಕೆ ಕಿವಿ ರೋಸಿಹೋಗಬೇಕು ತಾನೆ? ಎಲ್ಲಿಯದು! ಸಂಜೆ ಕೈಕಾಲು ತೊಳೆದನೋ ಇಲ್ಲವೋ, ಕಿವಿಗೆ ಇಯರ್‌ಫೋನ್. "ಕಿವ್ಯಾಗ ಗೂಟ ಬಡಕೊಂಡು ಕುಂತದ ನೋಡ್ರಿ ದೆವ್ವ," ಅಂತ ತಾಯಿ ಸಕ್ರವ್ವ ಬೈದರೆ ಅದು ಅವನಿಗೆ ಕೇಳಿಸಬೇಕಲ್ಲ.

ಅವನಿಗೆ ಎಲ್ಲ ಡೀಜೆಗಳೂ ಒಂದೇ ಅಲ್ಲ. ಹಳೆಯ ಸಿನಿಮಾ ಹಾಡು ಹಚ್ಚಿ, ಅದರ ಕೆಳಗೆ ಢಬಢಬ ಸೇರಿಸಿ, ಕೈ ಮೇಲೆತ್ತಿ ನಿಲ್ಲುವವರನ್ನು ಕಂಡರೆ ಉಗಿಯುತ್ತಿದ್ದ. ಅವನ ದೇವರು ಒಬ್ಬನೇ, ಸಂಭಾಜಿನಗರದ ಭುಜಂಗ. ಭುಜಂಗ ಸ್ಪೀಕರು ಹೇರಿದ ತನ್ನ ಟ್ರಕ್ಕಿನ ಮುಂದೆ ಹಲಗಿ ಬಾರಿಸುವವರನ್ನು ನಿಲ್ಲಿಸಿಕೊಂಡು, ಅವರ ಪೆಟ್ಟು ಬಿದ್ದ ಜಾಗಕ್ಕೇ ತನ್ನ ಬೀಟ್ ಕೂರಿಸುತ್ತಿದ್ದ. ಮನ್ಮಾಡ್ ಜಂಕ್ಷನ್ನಿನಲ್ಲಿ ನಿಂತು ಗೂಡ್ಸ್ ಗಾಡಿಯ ಹಾರ್ನ್ ಹಿಡಿದುಕೊಂಡು ಬಂದು ಮಾಡಿದ 'ಮನ್ಮಾಡ್ ಹಾರ್ನ್' ಮೈಲಾರಿಯ ಪಟ್ಟಿಯಲ್ಲಿ ಮೊದಲನೆಯದು. ಗೊಂದಲಿಗರ ವಾದ್ಯದ ಮೇಲೆ ಕಟ್ಟಿದ 'ಸಂಬಾಳ ಟ್ರಾನ್ಸ್' ಎರಡನೆಯದು. ಅದರಲ್ಲಿ ಒಂದು ಕಡೆ ತಾಳ ಒಮ್ಮೆಲೆ ನಿಂತುಬಿಡುತ್ತದೆ, ಸಾವಿರ ಜನ ಉಸಿರು ಹಿಡಿದು ನಿಲ್ಲುತ್ತಾರೆ, ಆಮೇಲೆ ಧಡಲ್ ಅಂತ ಬೀಳುತ್ತದಲ್ಲ, ಅದಕ್ಕೆ ಡ್ರಾಪ್ ಅನ್ನುತ್ತಾರೆ. ಆ ಒಂದು ಡ್ರಾಪಿಗಾಗಿ ಕೆಲಸ ಬಿಟ್ಟು ಬಸ್ಸು ಹತ್ತಿ ಸಂಭಾಜಿನಗರಕ್ಕೆ ಹೋಗಿ, ಮೆರವಣಿಗೆಯ ಹಿಂದೆ ನಡೆದು, ಮರುದಿನ ಕಾಲು ಊದಿಸಿಕೊಂಡು ಬರುತ್ತಿದ್ದ. ಹುಚ್ಚು ಅಂದರೆ ಹುಚ್ಚೇ. ಆದರೆ ಅಲ್ಲಿ ಯಾರೂ ಅವನನ್ನು 'ಏ ಟೈಲ್ಸ್‌ವಾಲಾ' ಅನ್ನುತ್ತಿರಲಿಲ್ಲ, ಅದೂ ಒಂದು ಕಾರಣ.

ಇನ್ನು ಸಕ್ರವ್ವ. ಅವಳಿಗೂ ಒಂದು ಹೆಸರಿತ್ತು. ನಮ್ಮ ಕಡೆ ಸತ್ತವರ ಮುಂದೆ ಹೆಂಗಸರು ಬರೇ ಅಳುವುದಿಲ್ಲ, ಹಾಡ್ಯಾಡಿಕೊಂಡು ಅಳುತ್ತಾರೆ. ಸತ್ತವರ ಗುಣ, ಅವರು ಉಂಡದ್ದು, ಉಣ್ಣದೆ ಹೋದದ್ದು, ಎಲ್ಲ ಆ ನುಡಿಗಳಲ್ಲಿ ಬರಬೇಕು. ಕಲಿಸಿ ಬರುವ ವಿದ್ಯೆಯಲ್ಲ ಅದು. ಶೆಡ್ಡುಗಳಲ್ಲಿ ಯಾರೇ ಸತ್ತರೂ ಸಕ್ರವ್ವ ಬಂದು ಕೂತು ಒಂದು ನುಡಿ ಎತ್ತಿದಳೆಂದರೆ ಕಲ್ಲಿನಂಥ ಗಂಡಸರೂ ಗೋಡೆ ಕಡೆ ಮುಖ ಮಾಡುತ್ತಿದ್ದರು. "ಸಕ್ರವ್ವ ಅತ್ತಳಪ್ಪ, ಇನ್ನ ಆರಾಮ ಹೋಗ್ತಾನ," ಅನ್ನುವುದು ಅಲ್ಲಿಯ ಮಾತು. ಪರದೇಶದಲ್ಲಿ ಸತ್ತವನಿಗೆ ಊರಿನ ಮಣ್ಣಂತೂ ಸಿಗುವುದಿಲ್ಲ, ಊರಿನ ಅಳುವಾದರೂ ಸಿಗಲಿ ಅಂತ ಜನರ ಆಸೆ.

ಆ ಸಕ್ರವ್ವನಿಗೆ ತನ್ನ ಮಗಳಿಗೇ ಅಳುವ ಗತಿ ಬಂತು. ಮೈಲಾರಿಯ ತಂಗಿ ಮಂಜುಳಾ, ಮದುವೆ ಗೊತ್ತಾಗಿದ್ದ ಹುಡುಗಿ, ಕಾಮಾಲೆ ಆಗಿ ಹೋಗಿಬಿಟ್ಟಳು. ಮದುವೆಯಾಗದ ಹುಡುಗಿ ಸತ್ತರೆ ಹಸಿರು ಬಳೆ ಇಟ್ಟು, ಹಣೆಗೆ ದಂಡಿ, ಅಂದರೆ ಬಾಸಿಂಗ, ಕಟ್ಟಿ, ಮದುಮಗಳ ಹಾಗೆ ಮಾಡಿ ಕಳಿಸುವುದು ಪದ್ಧತಿ. ಅಳುವ ನುಡಿಯೂ ಹಾಗೇ, ಮದುವೆಯ ಮಾತಿನಲ್ಲೇ ಇರುತ್ತದೆ. ಸಕ್ರವ್ವ ಮಗಳ ತಣ್ಣನೆಯ ಕೈ ಹಿಡಿದು ಹಾಡಿದಳು:

"ಹಂದರ ಹಾಕ್ಯಾರ ಏಳ ನನ ಮಗಳ
ಹಸರ ಬಳಿ ತಂದಾರ ಕೈ ನೀಡ
ದಂಡಿ ಕಟ್ಟೇನ ತೆಲಿ ಎತ್ತ."

ಊರಲ್ಲಿದ್ದ ಅಜ್ಜಿಗೆ ಬರಲು ಆಗಲಿಲ್ಲ. ಮೊಮ್ಮಗಳ ಮುಖ ಆಕೆಗೆ ತೋರಿಸಲೆಂದು ಮೈಲಾರಿ ಎಲ್ಲವನ್ನೂ ಫೋನಿನಲ್ಲಿ ಹಿಡಿದ. ಹಿಡಿಯುವಾಗ ಅವನೂ ಅಳುತ್ತಿದ್ದ, ಸುಳ್ಳಲ್ಲ. ತಂಗಿಯೆಂದರೆ ಅವನಿಗೆ ಜೀವ.

ವರ್ಷ ಕಳೆಯಿತು. ಸಂಭಾಜಿನಗರದ ಮುಕುಂದವಾಡಿಯಲ್ಲಿ ಭುಜಂಗನ ಅಂಗಡಿ. ಶಟರ್ ಎಳೆದುಕೊಂಡು, ಗೋಡೆಗೆಲ್ಲ ಕೌದಿ ಹೊಡೆದು, ಅವನು ಒಳಗೆ ಹಾಡು ಕಟ್ಟುತ್ತಿದ್ದ. ಮೈಲಾರಿಗೆ ಒಳಗೆ ಕೂರುವ ಸಲುಗೆ ಸಿಕ್ಕಿತ್ತು. ಒಂದು ಮಧ್ಯಾಹ್ನ ಭುಜಂಗ ತಲೆ ಕೆರೆದುಕೊಂಡ. ಬೀಟ್ ತಯಾರಿದೆ, ಹಲಗಿ ಚೆನ್ನಾಗಿ ಬಂದಿದೆ, ಆದರೆ ಮೇಲೆ ಒಂದು ದನಿ ಬೇಕು, ಯಾರೂ ಕೇಳದ ದನಿ, ಅಂತ ಮರಾಠಿಯಲ್ಲಿ ಗೊಣಗಿದ.

ಮೈಲಾರಿಯ ಕೈ ಜೇಬಿಗೆ ಹೋಯಿತು. ಯಾಕೆ ಹೋಯಿತು ಅಂತ ಕೇಳಿದರೆ ಹೇಳುವುದು ಕಷ್ಟ. ತಾನು ಪೂಜೆ ಮಾಡುವ ಮನುಷ್ಯನ ಮುಂದೆ ಬರಿಗೈಲಿ ಕೂತವನಿಗೆ, ಕೊಡಲು ತನ್ನ ಹತ್ತಿರವೂ ಒಂದಿದೆ ಅಂತ ಹೊಳೆದರೆ ಯಾವನಿಗೆ ತಡೆಯುತ್ತದೆ? ಫೋನ್ ಬೋರಲಾಗಿ ಹಿಡಿದು ಬರೇ ದನಿ ಕೇಳಿಸಿದ. ಭುಜಂಗನ ತೋಳಿನ ರೋಮ ಎದ್ದು ನಿಂತವು.

"ಕಸ್ಲಾ ಆವಾಜ್ ಆಹೇ ರೇ! ಕೋಣಾಚಾ?" ಎಂಥ ದನಿಯೋ, ಯಾರದು ಅಂತ ಕೇಳಿದ.

"ಮಾಝ್ಯಾ ಆಈಚಾ," ಅಂದ ಮೈಲಾರಿ. ನನ್ನ ತಾಯಿಯದು. ಹೇಳುವಾಗ ಎದೆ ಉಬ್ಬಿತ್ತು.

ಏನು ಹಾಡು ಇದು ಅಂತ ಭುಜಂಗ ಕೇಳಿದ. ಖರೇ ಹೇಳಿದರೆ ಭುಜಂಗ ಮುಟ್ಟುವುದಿಲ್ಲ, ಅದು ಗೊತ್ತಿತ್ತು. ಹಂದರ ಅಂದರೆ ಮದುವೆಯ ಚಪ್ಪರ, ಹಸಿರು ಬಳೆ, ದಂಡಿ ಅಂತ ಒಂದೊಂದೇ ಅರ್ಥ ಬಿಡಿಸಿ ಹೇಳಿದ. ಕೊನೆಗೆ, "ಮದುವೆ ಹಾಡು," ಅಂದ. ಒಂದು ಸುಳ್ಳು, ಅದೂ ಮುಕ್ಕಾಲು ನಿಜದಲ್ಲಿ ಸುತ್ತಿದ ಸುಳ್ಳು.

'ಹಂದರ ಮಿಕ್ಸ್' ಹಾಗೆ ಹುಟ್ಟಿತು. ಮೊದಲು ಸಕ್ರವ್ವನ ಬರೇ ದನಿ, ಆಮೇಲೆ ಸಣ್ಣಗೆ ಹಲಗಿ, ಆಮೇಲೆ 'ಏಳ, ಏಳ, ಏಳ' ಅಂತ ಅದೊಂದೇ ತುಣುಕು ಮತ್ತೆ ಮತ್ತೆ, ಜೋರು ಜೋರು, ತಾಳ ಗಪ್ಪನೆ ನಿಂತು, ಧಡಲ್! ಗಂಗಾಪುರದ ಮದುವೆಯಲ್ಲಿ ಮೊದಲ ಸಲ ಹಚ್ಚಿದಾಗ ಮೈಲಾರಿ ಅಲ್ಲೇ ಇದ್ದ. ಅರಿಶಿನ ಮೆತ್ತಿದ ಹುಡುಗರು ಆಕಾಶಕ್ಕೆ ಹಾರಿದರು. ಮೈಲಾರಿಯೂ ಹಾರಿದ. ಭುಜಂಗ ಮೈಕಿನಲ್ಲಿ 'ನಾಶಿಕ್‌ಚಾ ಮೈಲಾರಿ ಭಾವು', ನಾಸಿಕದ ಮೈಲಾರಿ ಅಣ್ಣ, ಅಂತ ಕೂಗಿದ. ಜೀವಮಾನದಲ್ಲಿ ಅಷ್ಟು ಸಂತೋಷ ಅವನಿಗೆ ಆಗಿರಲಿಲ್ಲ, ಅದನ್ನು ಮುಚ್ಚಿಡುವುದು ಯಾಕೆ?

ಹಾಡು ಹಬ್ಬಿತು. ಅಲ್ಲಿಯ ಕನ್ನಡ್ ಅನ್ನುವ ತಾಲೂಕಿನ ಸಂತೆಯಿಂದ ಹಿಡಿದು ವಾಳೂಜದ ಕಾರ್ಖಾನೆ ಗಲ್ಲಿಗಳವರೆಗೆ ಯಾರ ಮೆರವಣಿಗೆ ನೋಡಿದರೂ ಅದೇ. ಇಲ್ಲೇ ಬೆಳೆದ ನಮ್ಮ ಹುಡುಗರಿಗೆ ಆ ನುಡಿಯ ಮರ್ಮ ತಿಳಿಯದು. ತಿಳಿಯುವ ಮುದುಕಿಯರು ಡೀಜೆ ಬಂದರೆ ಕಿವಿ ಮುಚ್ಚಿಕೊಂಡು ಒಳಗೆ ಹೋಗುವವರು. ಆದರೂ ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ನಾಸಿಕದ ಸಿಗ್ನಲ್ಲಿನಲ್ಲಿ ಒಂದು ರಿಕ್ಷಾದಿಂದ ಆ ದನಿ ಕೇಳಿದ ದಿನದಿಂದ ಮೈಲಾರಿಗೆ ತಾಯಿಯನ್ನು ಪೇಟೆಗೆ ಕರೆದೊಯ್ಯಲು ಜೀವ ಹೆದರತೊಡಗಿತು. ಅವ್ವನಿಗೆ ಇದು ಕೇಳಬಾರದು. ಅಷ್ಟೇ ಸಾಕಿತ್ತು ಅವನಿಗೆ.

ಆಗ ಬಂತು ಸಾಯಬಣ್ಣನ ಮಗಳ ಮದುವೆ. ಸಾಯಬಣ್ಣ ಅಂದರೆ ಈ ಮಂದಿಯನ್ನೆಲ್ಲ ಕೆಲಸಕ್ಕೆ ಕರೆತಂದ ಮುಕಾದಮ, ಈಗ ವಾಳೂಜದಲ್ಲಿ ಮನೆ ಕಟ್ಟಿಸಿದ್ದಾನೆ. ಮಗಳು ರೇಷ್ಮಾಳಿಗೆ ಭುಜಂಗನ ಡೀಜೆಯೇ ಬೇಕು ಅಂತ ಹಟ. ನಾಸಿಕದಿಂದ ಟೆಂಪೊ ತುಂಬ ಜನ ಹೊರಟರು, ಸಕ್ರವ್ವನೂ ಹೊರಟಳು. ಮೈಲಾರಿ ಬೇಡವೆನ್ನಲು ಬಾಯಿ ತೆರೆದ, ಯಾಕೆ ಬೇಡ ಅಂತ ಹೇಳುವುದು? ಬಾಯಿ ಬಿಟ್ಟರೆ ಬಣ್ಣಗೇಡು. ಭುಜಂಗನಿಗೆ ಫೋನ್ ಮಾಡಿ, ಅದೊಂದು ಹಚ್ಚಬೇಡ ಅಣ್ಣಾ, ಹುಡುಗಿ ಕಡೆಯವರಿಗೆ ಸೇರುವುದಿಲ್ಲ, ಅಂತ ಬೇಡಿಕೊಂಡ. ಆಯಿತು ಅಂದಿದ್ದ ಭುಜಂಗ.

ಮಾತಿಗೆ ತಪ್ಪುವ ಮನುಷ್ಯನಲ್ಲ ಅವನು. ಆದರೆ ಮೆರವಣಿಗೆಯ ನಡುವೆ ಯಾರೋ ಸಕ್ರವ್ವನನ್ನು ತೋರಿಸಿ, ಮೈಲಾರಿಯ ತಾಯಿ ಅಂದರು. ಭುಜಂಗ ಟ್ರಕ್ಕಿನಿಂದ ಇಳಿದು ಬಂದು ಎಲ್ಲರ ಮುಂದೆ ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಪಾಪ, ಮುದುಕಿಗೆ ಒಂದೂ ತಿಳಿಯಲಿಲ್ಲ. "ಇರ್ಲಿ ಏಳಪ್ಪ, ಛಲೋ ಆಗ್ಲಿ," ಅಂತ ತಲೆ ಸವರಿದಳು. ಅವನು ಮೇಲೆ ಹತ್ತಿ ಮೈಕು ಹಿಡಿದ. ನಮಗೆಲ್ಲ ಅನ್ನ ಹಾಕಿದ ದನಿಯ ತಾಯಿ ಇಲ್ಲೇ ನಿಂತಿದ್ದಾಳೆ, ಆಕೆಯ ಮರ್ಯಾದೆಗಾಗಿ ಒಂದೇ ಒಂದು ಸಲ, ಅಂದ. ಹುಡುಗರು 'ಹಂದರ! ಹಂದರ!' ಅಂತ ಕುಣಿದಾಡಿದರು. ಮೈಲಾರಿ ಬಹಳ ಹಿಂದೆ ಇದ್ದ. ಜನರನ್ನು ನೂಕಿ, ತುಳಿದು, ಕೂಗುತ್ತ ಓಡಿದ. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು?

ಆಳೆತ್ತರದ ಸ್ಪೀಕರುಗಳಿಂದ ಸಕ್ರವ್ವನ ದನಿ ಬಂತು. 'ಹಂದರ ಹಾಕ್ಯಾರ ಏಳ ನನ ಮಗಳ.'

ಮಂಜುಳಾಳ ಹೆಣದ ಸುತ್ತ ಕೂತಿದ್ದ ಹೆಂಗಸರೇ ಇಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ಅವರಿಗೆ ಮೊದಲ ನುಡಿಗೇ ಗೊತ್ತಾಯಿತು. ಒಬ್ಬಳು ತಟ್ಟೆ ಕೆಳಗಿಟ್ಟು ಎದೆ ಬಡಿದುಕೊಂಡಳು. ಇನ್ನೊಬ್ಬಳು ಕಾರಿನೊಳಗೆ ಕೂತಿದ್ದ ರೇಷ್ಮಾಳ ಕಿವಿ ಎರಡೂ ಕೈಯಿಂದ ಮುಚ್ಚಿದಳು. ಅಷ್ಟರಲ್ಲಿ ಡ್ರಾಪ್ ಬಿತ್ತು, ಹುಡುಗರು ಹಾರಿದರು. ಸಕ್ರವ್ವ ಮಾತ್ರ ಆ ಸ್ಪೀಕರುಗಳನ್ನು ನೋಡುತ್ತ ನಿಂತಿದ್ದಳು. ಮಗಳು ಒಳಗಿದ್ದಾಳೇನೋ ಅನ್ನುವ ಹಾಗೆ ಒಂದು ಹೆಜ್ಜೆ ಮುಂದೆ ಇಟ್ಟಳು.

"ಮದಿವ್ಯಾಗ ಹೆಣದ ಹಾಡು ಹಚ್ಚಿಸ್ತೀಯೇನಲೇ ಭಾಡ್ಯಾ!" ಸಾಯಬಣ್ಣ ಮೈಲಾರಿಯ ಕೆನ್ನೆಗೆ ಬಾರಿಸಿದ. ಸುದ್ದಿ ತಿಳಿದ ಭುಜಂಗ ಎಲ್ಲ ಬಂದ್ ಮಾಡಿ ಕೆಳಗಿಳಿದ. ಅವನ ಮುಖ ಬಿಳಿಚಿಕೊಂಡಿತ್ತು. "ತೂ ಲಗ್ನಾಚಂ ಗಾಣಂ ಮ್ಹಣಾಲಾ ಹೋತಾಸ್," ಅಂದ. ಮದುವೆ ಹಾಡು ಅಂದಿದ್ದೆಯಲ್ಲೋ. ಟ್ರಕ್ಕು ತಿರುಗಿಸಿಕೊಂಡು ಹೋದ. ಅವನು ಆ ಹಾಡನ್ನು ಮತ್ತೆ ಹಚ್ಚಲಿಲ್ಲ. ಆದರೆ ಅದು ಅವನ ಕೈಯಲ್ಲಿ ಎಲ್ಲಿತ್ತು? ಊರೂರಿನ ಫೋನುಗಳಿಗೆ ಹೋಗಿತ್ತು.

ಸಕ್ರವ್ವ ಮಗನನ್ನು ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಕೆಮ್ಮುತ್ತ ಮಲಗಿದ್ದ ಗಂಡನಿಗೂ ಮಗನಿಗೂ ರೊಟ್ಟಿ ಬಡಿದು ಹಾಕಿದಳು, ಕೆಲಸಕ್ಕೆ ಬುತ್ತಿ ಕಟ್ಟಿದಳು, ಅಷ್ಟೇ. ಆಚೆ ಸಾಲಿನಲ್ಲಿ ಯಾರೋ ತೀರಿಕೊಂಡು, ಹೆಂಗಸರು ಕರೆಯಲು ಬಂದರೆ, "ನನಗ ಬರಂಗಿಲ್ರವ್ವಾ," ಅಂತ ಬಾಗಿಲು ಮುಂದೆ ಮಾಡಿಕೊಂಡಳು. ಮೈಲಾರಿ ಇಯರ್‌ಫೋನ್ ಹಾಕುವುದನ್ನು ಬಿಟ್ಟ. ಬಿಟ್ಟರೇನು, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಆ ಚಳಿಗಾಲ ಮೈಲಾರಿಯ ತಂದೆ ಯಲ್ಲಾಲಿಂಗ ಸತ್ತ. ಕಲ್ಲು ಕೊಯ್ದ ಧೂಳು ಎದೆಯಲ್ಲಿ ಕೂತು ವರ್ಷಗಟ್ಟಲೆ ಕೆಮ್ಮಿಸಿತ್ತು. ಬೆಳಿಗ್ಗೆ ಚಹಾ ಕುಡಿದವನು ಹಾಗೇ ವಾಲಿದ. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಆನಿಸಿ ಕೂರಿಸಿದರು. ಶೆಡ್ಡಿನ ತುಂಬ ಜನ. ಎಲ್ಲರೂ ಸಕ್ರವ್ವನ ಬಾಯಿ ನೋಡುತ್ತಿದ್ದರು. ಊರಿಗೆಲ್ಲ ಅತ್ತವಳು, ಕೈಹಿಡಿದ ಗಂಡನಿಗೆ ಅಳದೆ ಇರುತ್ತಾಳೆಯೇ?

"ಯಕ್ಕಾ, ಒಂದೆರಡು ನುಡಿ ಹಚ್ಚ," ಅಂದಳು ಪಕ್ಕದವಳು.

ಸಕ್ರವ್ವ ಬಾಯಿ ತೆರೆದಳು. ಮತ್ತೆ ಮುಚ್ಚಿದಳು. "ಬರಲ್ದವ್ವಾ. ನಾ ಬಾಯಿ ತಗದ್ರ ಹಿಂದಿಂದ ಅದು ಢಬಢಬ ಅಂತ ಬರ್ತದ," ಅಂದಳು. ಆಮೇಲೆ ಮಗನ ಕಡೆ ತಿರುಗಿದಳು. "ಮೈಲಾರಿ, ನನ್ನ ದನಿ ನಿನ್ನ ಹತ್ರ ಅದ ಅಲ್ಲ? ನೀನೇ ಹಚ್ಚು. ಮಗಳಿಗೆ ಅತ್ತದ್ದು ಅಪ್ಪಗೂ ನಡೀತದ. ಮುದುಕ ಅಳೂ ಇಲ್ದ ಹೋಗೋದು ಬ್ಯಾಡ."

ಮೂಲದ್ದು ಎಲ್ಲಿತ್ತು? ಫೋನ್ ಬದಲಿಸುವಾಗ ಅದು ಹೋಗಿತ್ತು. ಹೋದದ್ದು ಅವನಿಗೆ ಆಗ ಗೊತ್ತೂ ಆಗಿರಲಿಲ್ಲ, ಮಿಕ್ಸ್ ಇದೆಯಲ್ಲ ಅಂತ. ಈಗ ಉಳಿದದ್ದು ಅದೊಂದೇ. ಅದನ್ನು ಹೇಳದೆ ಫೋನ್ ಹೊರತೆಗೆದ. ಮೊದಲ ಭಾಗ ಬರೇ ದನಿ ತಾನೆ, ತಾಳ ಬರುವ ಮುಂಚೆ ನಿಲ್ಲಿಸಿದರಾಯಿತು, ಅಷ್ಟಾದರೂ ಅಪ್ಪನ ಕಿವಿಗೆ ಬೀಳಲಿ ಅಂದುಕೊಂಡ. ಆ ಹಾಡಿನ ಇಂಚಿಂಚು ಅವನಿಗಿಂತ ಬಲ್ಲವರು ಯಾರಿದ್ದರು?

ಹಚ್ಚಿದ. ದನಿ ಎದ್ದಿತು, ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕಿದರು. ಸಕ್ರವ್ವ ಕಣ್ಣು ಮುಚ್ಚಿ ಗಂಡನ ಕೈ ಹಿಡಿದಳು. ಮೈಲಾರಿಗೂ ಅಳು ಒತ್ತಿ ಬಂತು, ಕಣ್ಣು ಮಂಜಾಯಿತು. ಅಷ್ಟರಲ್ಲಿ ಸಣ್ಣಗೆ ಹಲಗಿ ಶುರುವಾಗಿತ್ತು. 'ಏಳ, ಏಳ, ಏಳ.' ಬೆರಳು ತಡವರಿಸಿತು. ತಾಳ ಗಪ್ಪನೆ ನಿಂತ ಗಳಿಗೆಗೆ ಸರಿಯಾಗಿ ಒತ್ತಿ ಬಂದ್ ಮಾಡಿದ.

ಹಾಡು ನಿಂತರೂ ಶೆಡ್ಡಿನಲ್ಲಿ ಒಂದು ಸದ್ದು ಉಳಿದಿತ್ತು. ಚಕ್ಕಳಮಕ್ಕಳ ಹಾಕಿ ಕೂತಿದ್ದ ಮೈಲಾರಿಯ ಮೊಣಕಾಲು ತನ್ನಷ್ಟಕ್ಕೆ ಕುಣಿಯುತ್ತ ಪಕ್ಕದ ತಗಡಿಗೆ ಬಡಿಯುತ್ತಿತ್ತು, ಟಕ್ ಟಕ್ ಟಕ್, ಬೀಳಬೇಕಾದ ಡ್ರಾಪಿಗೆ ಕಾಯುತ್ತ. ಅವನಿಗೆ ಅದು ಗೊತ್ತೇ ಇರಲಿಲ್ಲ. ಎಲ್ಲರೂ ಆ ಕಾಲನ್ನು ನೋಡಿದಾಗ ಅವನೂ ನೋಡಿದ, ನಿಲ್ಲಿಸಲು ನೋಡಿದರೂ ಅದು ನಿಲ್ಲಲಿಲ್ಲ.

ಸಕ್ರವ್ವ ಗಂಡನ ಕೈ ಬಿಟ್ಟು, ಮಗನ ಮೊಣಕಾಲ ಮೇಲೆ ಕೈ ಇಟ್ಟು, ಅದು ನಿಲ್ಲುವ ತನಕ ಒತ್ತಿ ಹಿಡಿದಳು.

"ಸಾಕು," ಅಂದಳು. "ನಿಮ್ಮಪ್ಪನ್ನ ಎತ್ರಿ."

ಎತ್ತಿದರು. ಯಲ್ಲಾಲಿಂಗನ ಹಿಂದೆ ಯಾರೂ ಹಾಡಲಿಲ್ಲ.