ಒಲೆ ಹಚ್ಚದ ಅಡುಗೆಮನೆ

ನನ್ನನ್ನು ಹೆತ್ತವರಿಲ್ಲ, ತಿರುಪು ಬಿಗಿದವರಿದ್ದಾರೆ. ನಾನು ಸಿನಿಮಾ ತೋರಿಸುವ ಯಂತ್ರ, ಪ್ರೊಜೆಕ್ಟರ್ ಅನ್ನುತ್ತಾರೆ. ಎರಡನೆಯ ಮಹಾಯುದ್ಧ ಜೋರಾಗಿ ನಡೆಯುತ್ತಿದ್ದಾಗ ಅಮೆರಿಕದ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಒಬ್ಬ ಹೆಂಗಸು ನನ್ನ ಕೊನೆಯ ತಿರುಪು ಬಿಗಿದು, ಸೈನ್ಯದ ಹಸಿರು ಪೆಟ್ಟಿಗೆಗೆ ತುರುಕಿ, ಮುಚ್ಚಳ ಹಾಕಿದಳು. ಒಂದು ಒಳ್ಳೆಯ ಮಾತನ್ನೂ ಆಡಲಿಲ್ಲ. ನನ್ನ ಸಿಡುಕು ಅಂದಿನಿಂದಲೇ ಬಂದದ್ದಿರಬೇಕು.

ಮೊದಲ ಕೆಲಸ ಸಮುದ್ರದ ನಡುವಿನ ಒಂದು ದ್ವೀಪದಲ್ಲಿ, ಎಣ್ಣೆ ಡಬ್ಬಿಗಳ ಮೇಲೆ ಕೂತ ಹುಡುಗ ಸಿಪಾಯಿಗಳಿಗೆ ಕುಣಿತದ ಚಿತ್ರ ತೋರಿಸುವುದು. ಅವರು ಶಿಳ್ಳೆ ಹೊಡೆಯುತ್ತಿದ್ದರು. ಮುಂದಿನ ವಾರ ಅದೇ ಚಿತ್ರ ಹಾಕಿದರೆ ಶಿಳ್ಳೆ ಕಡಿಮೆಯಾಗಿರುತ್ತಿತ್ತು, ಕೂರುವವರಿಲ್ಲದೆ ಖಾಲಿ ಬಿದ್ದ ಡಬ್ಬಿಗಳು ಹೆಚ್ಚಾಗಿರುತ್ತಿದ್ದವು. ಆದರೂ ಒಂದು ದಿನವೂ ನನ್ನನ್ನು ನಿಲ್ಲಿಸಲಿಲ್ಲ. ಸಾವಾದಾಗ ಕುಣಿತ ನಿಲ್ಲಿಸಬೇಕು ಎಂಬಷ್ಟು ಬುದ್ಧಿಯೂ ಆ ಜನಕ್ಕಿರಲಿಲ್ಲ.

ಯುದ್ಧ ಮುಗಿಯಿತು. ಅಮೆರಿಕದಲ್ಲಿ ಬಾಂಬು ಮಾಡುತ್ತಿದ್ದ ಕಾರ್ಖಾನೆಗಳು ಬಟ್ಟೆ ಒಗೆಯುವ ಯಂತ್ರ, ಫ್ರಿಜ್ಜು, ಮಾರುದ್ದದ ಕಾರು ಮಾಡತೊಡಗಿದವು. ಮನೆಮನೆಗೆ ಟೆಲಿವಿಷನ್ ಬಂತು. ಕೂತಲ್ಲೇ ಹಾಡು, ಕೂತಲ್ಲೇ ನಗು. ಡಬ್ಬಿಯ ಮೇಲಿನ ಹುಡುಗರ ನೆನಪು ಯಾರಿಗಿತ್ತೋ ನಾನು ಕಾಣೆ. ಹೊಟ್ಟೆ ತುಂಬ ತಿಂದವರಿಗೆ ತಮ್ಮ ತೇಗು ಪಕ್ಕದ ಮನೆಗೂ ಕೇಳಲಿ ಅನ್ನಿಸುತ್ತದೆ. ನಮ್ಮ ಸಿರಿಯನ್ನು ಬಡದೇಶಗಳಿಗೆ ತೋರಿಸಿ ಬಾ ಎಂದು ನನ್ನನ್ನು ಹಡಗು ಹತ್ತಿಸಿದರು. ಹಾಗೆ ಬೂದು ಬಣ್ಣದ ಪ್ರಚಾರದ ವ್ಯಾನಿನಲ್ಲಿ ಚಿತ್ರದುರ್ಗದ ಸೀಮೆಗೆ ಬಂದೆ.

ಅಲ್ಲಿ ನನಗೆ ಗಂಟುಬಿದ್ದವನು ತಿಪ್ಪೇರುದ್ರಪ್ಪ. ಕಂಪನಿ ನಾಟಕಗಳಲ್ಲಿ ರಾಜಪಾರ್ಟು ಮಾಡಿದವನು. ಮಾತಾಡುವ ಸಿನಿಮಾ, ಟಾಕಿ, ಬಂದ ಮೇಲೆ ಅವನ ಕಂಪನಿ ಮುಚ್ಚಿತು. ಅಂದರೆ ಅವನ ಅನ್ನ ಕಿತ್ತವರು ನನ್ನ ಕುಲದವರೇ. ಈಗ ನನ್ನ ಪಕ್ಕದಲ್ಲೇ ನಿಂತು, ಇಂಗ್ಲಿಷ್ ಚಿತ್ರ ಓಡುವಾಗ ಮೈಕಿನಲ್ಲಿ ಕನ್ನಡದ ವಿವರಣೆ ಹೇಳುವುದು ಅವನ ಕೆಲಸ. ಅದೂ ಹಂಗಾಮಿ. ಅವನಿಗೆ ಬೇಕಾದದ್ದು ಇಷ್ಟೇ: ಆ ಮೈಕು ಕೈ ತಪ್ಪಬಾರದು. ಐವತ್ತು ದಾಟಿದ ನಟನ ಎದುರಿಗೆ ಜನ ಕೂರುವ ಜಾಗ ಇನ್ನೆಲ್ಲೂ ಉಳಿದಿರಲಿಲ್ಲ.

ನಾವು ಹೆಚ್ಚಾಗಿ ತೋರಿಸುತ್ತಿದ್ದದ್ದು ಒಂದು ಹೊಸ ಅಡುಗೆಮನೆಯ ಚಿತ್ರ. ಗಂಡ ಕಾರು ಹತ್ತಿ ಹೋಗುತ್ತಾನೆ. ಬಿಳಿ ಬಟ್ಟೆಯ ಹೆಂಡತಿ ಒಬ್ಬಳೇ ಗುಂಡಿ ಒತ್ತುತ್ತಾಳೆ, ಬಾಗಿಲು ತೆರೆಯುತ್ತಾಳೆ, ನಗುತ್ತಾಳೆ. ಪಕ್ಕದ ಮನೆಯವಳು ಬಟ್ಟೆ ಮುಚ್ಚಿದ ತಟ್ಟೆ ತರುತ್ತಾಳೆ. ಕೊನೆಯಲ್ಲಿ ಕಣ್ಣು ಮಿಟುಕಿಸುವುದರೊಳಗೆ ಹಾದುಹೋಗುವ ಒಂದು ತುಣುಕಿತ್ತು. ಅದರಲ್ಲಿ ಅಡುಗೆಮನೆಯ ಗೋಡೆ ಅರ್ಧಕ್ಕೇ ಮುಗಿದು, ಆಚೆ ಚಿತ್ರೀಕರಣದ ದೀಪದ ಕಂಬವೂ ಗೋಡೆಗೆ ಕೊಟ್ಟ ಹಲಗೆಯ ಆಸರೆಯೂ ಕಾಣುತ್ತಿದ್ದವು. ಅದು ಮನೆಯೇ ಅಲ್ಲ, ಚಿತ್ರಕ್ಕೆಂದು ನಿಲ್ಲಿಸಿದ ಮೂರು ಗೋಡೆ. ನೋಡುವವರ ಕಣ್ಣಿಗೆ ಅದು ಸಿಗುತ್ತಿರಲಿಲ್ಲ. ನನಗೆ ದಿನವೂ ಸಿಗುತ್ತಿತ್ತು.

ಕಾರೋಬನಹಟ್ಟಿ ಎಂಬ ಊರಿಗೆ ನಮ್ಮ ವ್ಯಾನಿನ ಮೇಲಧಿಕಾರಿ, ಅಮೆರಿಕದ ಹಾಲ್ವರ್ಸನ್ ಸಾಹೇಬನೇ ಜೊತೆಗೆ ಬಂದ. ಅವನು ಒಪ್ಪಿದರೆ ತಿಪ್ಪೇರುದ್ರಪ್ಪನ ಕೆಲಸ ಖಾಯಂ. ಸಾಹೇಬನ ಗುಮಾಸ್ತ ಒಂದು ಕಾಗದ ಕೊಟ್ಟು, “ಇದರಲ್ಲಿರೋದನ್ನ ಬಿಟ್ಟು ಒಂದಕ್ಷರ ಆಡಬೇಡಿ,” ಎಂದ.

ಸಂಜೆ ಕತ್ತಲಾದೊಡನೆ ಚಿತ್ರ ಶುರುವಾಯಿತು. ತಿಪ್ಪೇರುದ್ರಪ್ಪ ಕಾಗದ ಓದಿದ. ಬಿಳಿ ಬಟ್ಟೆಯವಳು ಒಲೆಯ ಮುಂದೆ ಬಂದಾಗ, ಮುಂದೆ ಕೂತಿದ್ದ ಸಣ್ಣೀರಜ್ಜಿ ಎದ್ದು ನಿಂತಳು.

“ಒಲೆ ಹಚ್ಚಿಲ್ವಲ್ಲಪ್ಪಾ! ಯಾರು ತೀರ್ಕಂಡ್ರು ಆ ಮನ್ಯಾಗೆ?”

“ಅದು ಕರೆಂಟಿನ ಒಲೆ ಅಜ್ಜಿ. ಬೆಂಕಿ ಕಾಣಾಕಿಲ್ಲ,” ಅಂದ ತಿಪ್ಪೇರುದ್ರಪ್ಪ.

“ಬೆಂಕಿ ಕಾಣ್ದಿರೋ ಒಲೆ ಎಲ್ಲಾದ್ರೂ ಐತಾ? ಅಗಾ, ಪಕ್ಕದ ಮನೆಯಾಕಿ ಉಣ್ಣಾಕೆ ತಂದವಳೆ. ಸಾವಾದ ಮನೆಗೆ ನಾವೂ ಹಿಂಗೇ ಒಯ್ಯೋದು.”

ಹೆಂಗಸರೆಲ್ಲ ಲೊಚಗುಟ್ಟಿದರು. ಕಾಗದದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಓದಿಕೊಂಡು ಹೋಗಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಆದರೆ ಇಡೀ ಊರು ಉಸಿರು ಬಿಗಿಹಿಡಿದು ಅವನ ಬಾಯನ್ನೇ ಕಾಯುತ್ತಿತ್ತು. ಕಂಪನಿ ಮುಚ್ಚಿದ ಮೇಲೆ ಅಂಥದ್ದನ್ನು ಅವನು ಕಂಡಿರಲಿಲ್ಲ. ಮೂರ್ಖ, ಕಾಗದ ಮಡಿಸಿ ಜೇಬಿಗಿಟ್ಟ.

“ಒಬ್ಬನೇ ಮಗ ಕಣಜ್ಜಿ,” ಅಂದ, ಮೈಕಿನಲ್ಲಿ. “ಯುದ್ಧಕ್ಕೆ ಹೋದೋನು ತಿರುಗಿ ಬರ್ಲಿಲ್ಲ. ಅದ್ಕೇ ಇಷ್ಟೊಂದು ಸಾಮಾನು ತಂದು ತುಂಬವ್ರೆ. ಆದ್ರೂ ಮನೆ ತುಂಬ್ಲಿಲ್ಲ.”

ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡಳು. ಕೂತಿದ್ದ ಹೆಂಗಸರು ಅತ್ತರು. ಹಿಂದೆ ಕುರ್ಚಿಯ ಮೇಲಿದ್ದ ಸಾಹೇಬ, ತನ್ನ ದೇಶದ ಫ್ರಿಜ್ಜು ಕಂಡು ಇವರು ಸಂತೋಷಕ್ಕೆ ಅಳುತ್ತಿದ್ದಾರೆಂದು ತಿಳಿದು ಗುಮಾಸ್ತನ ಬೆನ್ನು ತಟ್ಟಿದ. ಕನ್ನಡ ಬರುತ್ತಿದ್ದ ಗುಮಾಸ್ತ ಬಾಯಿ ಬಿಡಲಿಲ್ಲ. ನನಗೆ ಎಣ್ಣೆ ಡಬ್ಬಿಗಳು ನೆನಪಾದವು. ಮೈಯೆಲ್ಲ ಉರಿಯಿತು.

ಬೆಳಿಗ್ಗೆ ವ್ಯಾನು ಹೊರಡುವ ಹೊತ್ತಿಗೆ ಸಣ್ಣೀರಜ್ಜಿ ನಾಲ್ಕೈದು ಹೆಂಗಸರನ್ನು ಕರೆದುಕೊಂಡು ಬಂದಳು. ಬಟ್ಟೆ ಮುಚ್ಚಿದ ತಟ್ಟೆಯಲ್ಲಿ ರಾಗಿ ಮುದ್ದೆ, ಅವರೆಕಾಳಿನ ಸಾರು. ಅದನ್ನು ಸಾಹೇಬನ ಮುಂದೆ ಇಟ್ಟಳು.

“ಉಣ್ಣಪ್ಪ. ನಿಮ್ಮ ಸೀಮ್ಯಾಗೆ ಸಾವಾಗೈತೆ. ಪರದೇಶದಾಗೆ ನಿನಗ್ಯಾರು ಕೊಡ್ತಾರೆ?”

ಸಾಹೇಬ ಅರ್ಥ ಕೇಳಿದ. ಗುಮಾಸ್ತ ಈಗ ಎಲ್ಲವನ್ನೂ ಹೇಳಿದ, ತನ್ನದೂ ಒಂದಿಷ್ಟು ಉಪ್ಪುಖಾರ ಹಚ್ಚಿ. ಸಾಹೇಬನ ಮುಖ ಕೆಂಪಗಾಯಿತು. ತಟ್ಟೆಯನ್ನು ಬೂಟಿನಿಂದ ಪಕ್ಕಕ್ಕೆ ಸರಿಸಿ, ತಿಪ್ಪೇರುದ್ರಪ್ಪ ವ್ಯಾನಿಗೆ ತುಂಬುತ್ತಿದ್ದ ಮೈಕನ್ನು ಅವನ ಕೈಯಿಂದ ಕಿತ್ತುಕೊಂಡ.

“ಕೋಣನ ಮುಂದೆ ಕಿನ್ನರಿ ಬಾರಿಸಿದ್ದಾಯ್ತು,” ಎಂದ ಗುಮಾಸ್ತ. “ನಿಮ್ಮ ಕೆಲಸ ಇವತ್ತಿಗೆ ಮುಗೀತು. ವ್ಯಾನ್ ಹತ್ತಬೇಡಿ.”

ತಿಪ್ಪೇರುದ್ರಪ್ಪ ನೆಲದ ಮೇಲೆ ಕೂತು ತಟ್ಟೆ ಎಳೆದುಕೊಂಡ. “ಸಾವಿನ ಮನೆಗೆ ತಂದ ಊಟ ವಾಪಸ್ ಒಯ್ಬಾರ್ದು ಅಜ್ಜಿ. ನಾನು ಉಣ್ತೀನಿ,” ಅಂದ. ವ್ಯಾನು ಧೂಳೆಬ್ಬಿಸಿ ಹೊರಟಾಗ ಅವನು ಇನ್ನೂ ಉಣ್ಣುತ್ತಿದ್ದ.

ಆಮೇಲೆ ಕನ್ನಡ ಧ್ವನಿ ಸೇರಿಸಿದ ಹೊಸ ಪ್ರತಿ ಬಂತು. ಅದರ ಕನ್ನಡಕ್ಕೆ ಇಸ್ತ್ರಿ ಹಾಕಿತ್ತು. ಯಾರೇನು ಕೇಳಿದರೂ ಅದು ಉತ್ತರ ಕೊಡುತ್ತಿರಲಿಲ್ಲ. ಕ್ರಮೇಣ ಜನ ಕೇಳುವುದನ್ನೇ ಬಿಟ್ಟರು. ನಾನು ಹಳೆಯದಾದೆ ಎಂದು ಒಂದು ಹೈಸ್ಕೂಲಿಗೆ ದಾನ ಕೊಟ್ಟರು. ಬಲ್ಬು ಸುಟ್ಟುಹೋಯಿತು. ಈಗ ಉಗ್ರಾಣದಲ್ಲಿ ಮುರಿದ ಬೆಂಚುಗಳ ಕೆಳಗೆ ಬಿದ್ದಿದ್ದೇನೆ.

ಒಮ್ಮೆ ಮಕ್ಕಳಿಗೆ ನಾಟಕ ಕಲಿಸಲು ಒಬ್ಬ ಮುದುಕ ಬಂದ. ಕಿರೀಟ ಹುಡುಕುತ್ತಾ ಉಗ್ರಾಣಕ್ಕೆ ಬಂದವನು ನನ್ನನ್ನು ಕಂಡು ನಿಂತುಬಿಟ್ಟ. ತಿಪ್ಪೇರುದ್ರಪ್ಪ. ಹೆಗಲ ಮೇಲಿನ ಟವೆಲಿನಿಂದ ನನ್ನ ಗಾಜು ಒರೆಸಿದ.

“ನೀನಾದ್ರೂ ಹೇಳಯ್ಯಾ. ಆ ಮನ್ಯಾಗೆ ನಿಜವಾಗ್ಲೂ ಯಾರಾದ್ರೂ ಸತ್ತಿದ್ರಾ? ಇಲ್ಲಾ, ಬರೀ ಒಂದು ಸುಳ್ಳಿಗೆ ನಾನು ಮೈಕು ಕಳ್ಕಂಡ್ನಾ?”

ಸುಳ್ಳು ನಿನ್ನದಲ್ಲ ಕಣಯ್ಯಾ, ಆ ಮೂರು ಗೋಡೆಗಳದ್ದು. ಸತ್ತವರನ್ನು ನಾನು ಕಂಡಿದ್ದೇನೆ, ಡಬ್ಬಿಗಳ ಮೇಲೆ ಕೂತು ಶಿಳ್ಳೆ ಹೊಡೆಯುತ್ತಿದ್ದರು. ಅವರ ಮನೆಗಳಿಗೆ ಅನ್ನ ಒಯ್ದವಳು ನನ್ನ ಲೆಕ್ಕದಲ್ಲಿ ಸಣ್ಣೀರಜ್ಜಿ ಒಬ್ಬಳೇ.

ಇಷ್ಟನ್ನು ಹೇಳಬೇಕಿತ್ತು. ಜೀವಮಾನವಿಡೀ ಇನ್ನೊಬ್ಬರ ಮಾತನ್ನೇ ಗಟ್ಟಿಯಾಗಿ ಆಡಿದವನು ನಾನು. ನನ್ನದೇ ಒಂದು ಮಾತು ಬೇಕಾದ ದಿನ ನನಗೆ ಬಾಯಿರಲಿಲ್ಲ. ಅವನು ಟವೆಲು ಕೊಡವಿ ಹೆಗಲಿಗೆ ಹಾಕಿ, ಕಿರೀಟ ಎತ್ತಿಕೊಂಡು ಹೋದ.