ಚಿಕ್ಕವರು ಮುಂದೆ

ಕಾಲುವೆ ಪಕ್ಕದ ಓಣಿಗೆ ಆ ಬಿಳಿ ಕಾರು ತಿರುಗಿದರೆ ಅವಳಿಗೆ ಬೆನ್ನಲ್ಲೇ ಗೊತ್ತಾಗುತ್ತಿತ್ತು. ಅದರ ಹಾರ್ನು ಅವಳ ಕಿವಿಯಲ್ಲಿ ಮನೆ ಮಾಡಿಕೊಂಡು ಒಂದು ತಿಂಗಳಾಗಿತ್ತು.

ತಿಂಗಳ ಹಿಂದೆ ಆವತ್ತು ಮಗಳು ತನ್ನ ಪುಟ್ಟ ಸೈಕಲ್ಲಿನಲ್ಲಿ ಮುಂದೆ, ಅವಳು ಹಿಂದೆ. ಮಗಳನ್ನು ಶಾಲೆಗೆ ಬಿಟ್ಟು ಕನ್ನಡಕದ ಅಂಗಡಿಯ ಕೆಲಸಕ್ಕೆ ಹೋಗಬೇಕಿತ್ತು. ಹಿಂದಿನಿಂದ ಹಾರ್ನು ಕಿರುಚಿದ್ದೇ ತಡ, ಮಗಳು ಬೆಚ್ಚಿ ಹ್ಯಾಂಡಲ್ ತಿರುಗಿಸಿದಳು. ಚರಂಡಿ ಕಲ್ಲಿಗೆ ಗದ್ದ ಬಡಿದು ಬಿದ್ದಳು. ಕಾರಿನವನು ಗಾಜು ಇಳಿಸಿ, "ಮಕ್ಕಳನ್ನ ರಸ್ತೆಗೆ ಬಿಟ್ಬಿಡ್ತೀರಲ್ಲ, ಬುದ್ಧಿ ಇದೆಯೇನ್ರೀ?" ಎಂದವನೇ ಗಾಜು ಏರಿಸಿಕೊಂಡು ಹೊರಟೇಹೋದ.

ಗದ್ದಕ್ಕೆ ಹಾಕಿದ ಹೊಲಿಗೆ ಬಿಚ್ಚಿದ ಮೇಲೂ ಮಗಳು ಸೈಕಲ್ ಮುಟ್ಟಲಿಲ್ಲ. ಅಮ್ಮನ ಕ್ಯಾರಿಯರ್ ಮೇಲೆ ಕೂತು, ಸೊಂಟ ತಬ್ಬಿಕೊಂಡು, ಕಂಡ ಕಂಡ ಕಾರಿಗೆಲ್ಲ, "ಅಮ್ಮಾ, ಅವರೇನಾ?" ಎನ್ನುತ್ತಿದ್ದಳು. ಅಂಗಡಿಯಲ್ಲಿ ಲೆನ್ಸಿನ ಅಂಚು ಉಜ್ಜುವಾಗ ಅವಳಿಗೆ ತಾನು ಮಿಷನ್ನಿಗೆ ಒತ್ತುತ್ತಿರುವುದು ಅವನ ಮೂಗು ಅನ್ನಿಸುತ್ತಿತ್ತು. ಅವನು ಕಾರಿನಿಂದ ಇಳಿಯಬೇಕು. ಮಗಳ ಮುಂದೆ ನಿಂತು ತಪ್ಪಾಯ್ತು ಅನ್ನಬೇಕು. ಅದಕ್ಕಿಂತ ಕಡಿಮೆಗೆ ಅವಳ ಒಡಲುರಿ ಆರುವಂತಿರಲಿಲ್ಲ.

ನೆರೆಮನೆಯ ಬೇಕರಿಯವನು ಬೀದಿಯ ಮಕ್ಕಳನ್ನೆಲ್ಲ ಸೈಕಲ್ ಸಾಲು ಕಟ್ಟಿಕೊಂಡು ಶಾಲೆಗೆ ಕರೆದೊಯ್ಯುತ್ತಿದ್ದ. ಸಾಲಿನ ಕಟ್ಟಳೆ ಎರಡೇ. ಎಲ್ಲರಿಗಿಂತ ಚಿಕ್ಕವರು ಮುಂದೆ, ಅವರನ್ನು ಯಾರೂ ದಾಟುವಂತಿಲ್ಲ. ಹಾರ್ನು ಕೇಳಿದರೆ ಎಲ್ಲರೂ ಕಾಲೂರಿ ನಿಲ್ಲಬೇಕು. ಎಲ್ಲರಿಗಿಂತ ಚಿಕ್ಕವಳು ಅವನದೇ ಮಗಳು: ನಾಲ್ಕು ವರ್ಷ, ನಾಲ್ಕು ಚಕ್ರ. ಅವಳಿಗೆ ಇನ್ಸ್‌ಪೆಕ್ಟರ್ ಎಂದೇ ಹೆಸರು. ಬೆಕ್ಕು, ಗುಂಡಿ, ಬಾಟಲಿ ಮುಚ್ಚಳ ಯಾವುದನ್ನೂ ವಿಚಾರಿಸದೆ ಮುಂದೆ ಹೋದವಳಲ್ಲ.

"ಅಣ್ಣಾ, ನಾಳೆಯಿಂದ ನಾವೂ ಬರ್ತೀವಿ. ಕಾಲುವೆ ಓಣೀಲಿ ಹೋಗೋಣ."

"ಯಾಕಕ್ಕಾ, ಅಲ್ಲೇನು ನೆರಳಿದೆಯಾ?"

"ಓವರ್‌ಟೇಕ್ ಮಾಡೋಕೆ ಜಾಗ ಇಲ್ಲ."

ಬೇಕರಿಯವನು ಅವಳ ಮಗಳ ಗದ್ದದ ಗೆರೆ ನೋಡಿದ. "ಅಲ್ಲಿ ಬೆಕ್ಕುಗಳೂ ಜಾಸ್ತಿ," ಎಂದ.

ಮರುದಿನ ಸಾಲಿನ ಕೊನೆಗೆ, ಮಕ್ಕಳಿಗೂ ಬಿಳಿ ಕಾರಿನ ಬಂಪರಿಗೂ ನಡುವೆ, ಅವಳೇ ನಿಂತಳು. ಹಿಂದೆ ಹಾರ್ನಾಯಿತು. ಸಾಲಿಗೆ ಸಾಲೇ ಕಾಲೂರಿತು. ಮತ್ತೆ ಹಾರ್ನು, ಮತ್ತೆ ಕಾಲು. ಕಾರು ಕೂಗಿದಷ್ಟೂ ಓಣಿ ಉದ್ದವಾಗುತ್ತಾ ಹೋಯಿತು. ಅವಳಿಗೂ ಕೆಲಸಕ್ಕೆ ತಡವಾಯಿತು, ಯಜಮಾನರಿಂದ ಬೈಗುಳವೂ ಸಿಕ್ಕಿತು. ಆ ಬೈಗುಳ ಸಕ್ಕರೆಯಂತಿತ್ತು.

ಎರಡನೆಯ ವಾರ ಕಾರಿನವನು ಗಾಜು ಇಳಿಸಿದ. "ಸಾರಿ ಮೇಡಂ, ಆಯ್ತಲ್ಲ? ದಾರಿ ಬಿಡ್ರೀ."

"ನನಗಲ್ಲ. ಇಳಿದು ಇವಳಿಗೆ ಹೇಳಿ."

"ಆಫೀಸಿಗೆ ಹೊತ್ತಾಗಿದೆ ಕಣ್ರೀ!"

"ನನಗೂ ಆಗಿದೆ."

ಕ್ಯಾರಿಯರ್ ಮೇಲಿಂದ ಮಗಳು ಕೇಳಿದಳು, "ಅಮ್ಮಾ, ಇವರೇನಾ?"

"ಹೂಂ, ಇವರೇ."

ಮಗಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಬೆವರಿದ ಬೋಳುತಲೆ, ಸೊಟ್ಟಗಾದ ಟೈ. "ಇಷ್ಟೇನಾ?" ಎಂದಳು.

ಗಾಜು ಏರಿತು.

ಮರುದಿನ ಮಗಳು ತಾನಾಗಿ ತನ್ನ ಸೈಕಲ್ಲಿನ ಧೂಳು ಒರೆಸಿ ಹೊರಗೆ ತಂದಳು. ಬಿಳಿ ಕಾರು ಹಿಂದೆ ಬಂದದ್ದೇ, ಯಾವ ಹಾರ್ನೂ ಇಲ್ಲದೆ, ಓಣಿಯ ನಟ್ಟನಡುವೆ ಕಾಲೂರಿದಳು. ಕಾರಿನ ಎಂಜಿನ್ ಆಫ್ ಆಯಿತು. ಬಾಗಿಲು ತೆರೆಯಿತು. ಅವನು ಇಳಿದು ಬಂದ.

"ಪುಟ್ಟೀ, ಅವತ್ತು... ನಂದೇ ತಪ್ಪಾಯ್ತು."

ಮಗಳು ಪೆಡಲ್ ತುಳಿದಳು, ಇನ್ಸ್‌ಪೆಕ್ಟರಿಗಿಂತಲೂ ನಿಧಾನಕ್ಕೆ. "ಕೇಳಿಸ್ಲಿಲ್ಲ ಅಂಕಲ್."

ಪಾಲಿಶ್ ಮಾಡಿದ ಬೂಟಿನಲ್ಲಿ ಅವನು ಪಕ್ಕಪಕ್ಕದಲ್ಲೇ ಹೆಜ್ಜೆ ಹಾಕಿದ. "ತಪ್ಪಾಯ್ತಮ್ಮಾ!"

"ಇನ್ನೂ ಕೇಳಿಸ್ಲಿಲ್ಲ."

ಅಮ್ಮನಿಗೆ ಕೇಳಿದ್ದೆಲ್ಲ ಸಿಕ್ಕಿಬಿಟ್ಟಿತ್ತು. ಸಾಕು ಬಾ ಎನ್ನುವ ಮಾತು ಅವಳ ನಾಲಿಗೆ ತುದಿಗೂ ಬಂತು. ನುಂಗಿಕೊಂಡಳು.

"ನಿಧಾನ, ಪುಟ್ಟೀ," ಎಂದಳು ಹಿಂದಿನಿಂದ. "ಏನೂ ಅವಸರ ಇಲ್ಲ."