ಜ್ವರ ನೋಡುವ ಬಾಗಿಲು

ಆಫೀಸಿನ ಮಕ್ಕಳನ್ನು ನೋಡಿಕೊಳ್ಳುವ ಪಾಳಣಾಘರದ ಬಾಗಿಲಲ್ಲಿ ಆಯಾ ಸಾಬವ್ವ ಮಗುವಿನ ಹಣೆಗೆ ಜ್ವರ ನೋಡುವ ಯಂತ್ರ ಹಿಡಿದಾಗ ಮಾಧುರಿ ಅದರ ದೀಪವನ್ನೇ ನೋಡುತ್ತಿದ್ದಳು. ಜ್ವರವಿಲ್ಲವೆಂದು ಹಸಿರು ದೀಪ ಹತ್ತಿತು. ದೇವರು ದೊಡ್ಡವನು ಎಂದುಕೊಂಡು, ಎರಡು ವರ್ಷದ ಸಂಜುವನ್ನು ಒಪ್ಪಿಸಿ ನಾಲ್ಕನೇ ಮಹಡಿಯ ಆಫೀಸಿಗೆ ಹೋದಳು.

ಹೆಚ್ಚು ಸಂಬಳದ ಕೆಲಸ ಬಿಟ್ಟು ಮಗರಪಟ್ಟಾದ ಈ ಕಂಪನಿಗೆ ಅವಳು ಸೇರಿದ್ದೇ ಕೆಳಗಿನ ಪಾಳಣಾಘರಕ್ಕಾಗಿ. ಕೂಸು ಕೆಳಗೆ, ತಾಯಿ ಮೇಲೆ. ವಿಜಯಪುರದ ಬಳಗವೆಲ್ಲ ಹೊಟ್ಟೆ ಉರಿದುಕೊಂಡಿತ್ತು. ಆದರೆ ಇಲ್ಲಿ ಮಗುವಿಗೆ ಜ್ವರ ಬರುವುದೂ ತಪ್ಪಂತೆ! ತಿಂಗಳಲ್ಲಿ ಮೂರು ಸಲ ಬಾಗಿಲಿನಿಂದ ವಾಪಸ್ಸಾದರೆ ಜಾಗ ಬೇರೆ ಮಗುವಿಗೆ. ಸಂಜುವಿಗೆ ಎರಡು ಸಲ ಆಗಿಹೋಗಿತ್ತು. ಈ ದಿನ ಬೆಳಗ್ಗೆಯೂ ಅವನ ಮೈ ಬೆಚ್ಚಗಿದ್ದುದನ್ನು ಕಂಡು, ಗಂಡನಿಗೂ ಹೇಳದೆ ಜ್ವರದ ಸಿರಪ್ ಕುಡಿಸಿದ್ದಳು. ಕಳ್ಳತನವೇ ಸರಿ, ಆದರೆ ಜಾಗ ಹೋದರೆ ಕೆಲಸವೂ ಹೋದಂತೆ.

ಹತ್ತೂವರೆಗೆ ಗಂಡ ಬಸವಪ್ರಭು ಫೋನ್ ಮಾಡಿದ.

"ಸಂಜೂನ್ನ ಒಳಗ ತಗೊಂಡ್ರೇನು?"

"ಹೂಂ. ಯಾಕ್ರಿ?"

"ನೀ ಸ್ನಾನಕ್ಕ ಹೋದಾಗ ಮೈ ಸುಡತಿತ್ತು. ಮುಚ್ಚಳದ ತುಂಬ ಸಿರಪ್ ಕುಡಿಸೀನಿ. ಹೇಳಿದ್ರ ಅಂಜತಿ ಅಂತ ಸುಮ್ಮನಿದ್ದೆ."

ಒಂದೇ ಬೆಳಗ್ಗೆ ಎರಡು ಸಲ ಔಷಧ! ಮಾಧುರಿ ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಓಡಿದಳು. ಎರಡನೇ ಮಹಡಿಯಲ್ಲಿ ಮಾತ್ರ ಕಾಲು ನಿಂತವು. ಹೇಳಿದರೆ ಜಾಗ ಹೋಯಿತು. ಸ್ವಲ್ಪ ಹೊತ್ತು ಕಾದು ನೋಡಿದರೆ? ಹಾಗೆ ಯೋಚಿಸುತ್ತ ನಿಂತ ತನ್ನನ್ನು ಕಂಡು ಅವಳಿಗೆ ಇನ್ನಷ್ಟು ಭಯವಾಯಿತು; ಮತ್ತೆ ಕೆಳಗೆ ಓಡಿದಳು.

ಸಂಜು ಚಾಪೆಯ ಮೇಲೆ ಮಲಗಿದ್ದ. ಅಲುಗಾಡಿಸಿದರೆ ನರಳಿದನೇ ಹೊರತು ಕಣ್ಣು ತೆರೆಯಲಿಲ್ಲ.

"ಮಾವಶಿ," ಎಂದು ಮಾಧುರಿ ಸಾಬವ್ವನನ್ನು ಕೂಗಿದಳು. "ನಾ ಜ್ವರದ ಔಷಧ ಕುಡಿಸಿ ಕರಕೊಂಡ ಬಂದೀನ್ರಿ. ನಮ್ಮವರೂ ಕುಡಿಸ್ಯಾರ. ಎರಡ ಸಲ ಔಷಧ ಆಗೇದ. ದವಾಖಾನಿಗೆ ಒಯ್ಯಬೇಕು!"

ವಿಜಯಪುರದ ಹತ್ತಿರದ ಇಂಡಿ ಕಡೆಯ ಸಾಬವ್ವ ಬೈಯಲಿಲ್ಲ. ಮಗುವನ್ನು ಎತ್ತಿ ಅವಳ ತೋಳಿಗೆ ಹಾಕಿದಳು.

"ಔಷಧ ಕುಡಿಸೀರಿ ಅಂತ ಬಾಯಿ ವಾಸನಿಗೇ ಗೊತ್ತಾಗಿತ್ತವ್ವಾ. ಎರಡ ಸಲ ಅಂತ ಗೊತ್ತಿರಲಿಲ್ಲ. ಲಗೂ ನಡಿ."

"ಗೊತ್ತಿದ್ದೂ ಯಾಕ ಒಳಗ ತಗೊಂಡ್ರಿ?"

ಸಾಬವ್ವ ಮೂಲೆಯ ಕಡೆ ನೋಡಿದಳು. ಅಲ್ಲಿ ಕೆಂಪು ಫ್ರಾಕಿನ ಪುಟ್ಟ ಹುಡುಗಿ ಗೋಡೆಗೊರಗಿ ತೂಕಡಿಸುತ್ತಿದ್ದಳು.

"ಅಕಿ ನನ್ನ ಮೊಮ್ಮಗಳು. ಆಯಾಗಳ ಕೂಸಿಗೂ ಇಲ್ಲಿ ಅದೇ ಕಾನೂನು. ನಾನೂ ಕುಡಿಸೇ ಕರಕೊಂಡ ಬಂದೀನಿ."

ಮಾಧುರಿ ಮಗುವನ್ನು ಅವಚಿಕೊಂಡು ರಿಕ್ಷಾ ಹಿಡಿಯಲು ಓಡಿದಳು. ಬಾಗಿಲಲ್ಲಿ ತಿರುಗಿ ನೋಡಿದಾಗ ಸಾಬವ್ವ ಯಂತ್ರ ಬದಿಗಿಟ್ಟು, ಮೊಮ್ಮಗಳ ಹಣೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.